ಕಾಜಾ ಅತ್ತೆಯ ಆರನೇ ನೋಟೀಸು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆದಾರನನ್ನು ಬಿಡಿಸಿ ನೋಡು ಅನ್ನುವುದನ್ನು ಯಾಕೆ ಬಿಟ್ಟರೋ ನನಗೆ ಗೊತ್ತಿಲ್ಲ. ಬಹುಶಃ ಅವರೆಲ್ಲ ಬಾಡಿಗೆ ಮನೆಯಲ್ಲೇ ಇದ್ದವರಿರಬೇಕು. ನನ್ನ ಸೋದರತ್ತೆ ಮದುವೆಯನ್ನು ನೋಡಿದ್ದು ಎರಡೇ ವರ್ಷ, ಗಂಡ ಅನ್ನಿಸಿಕೊಂಡವನು ಹೇಳದೆ ಕೇಳದೆ ಹೊರಟುಹೋದ. ಮನೆಯನ್ನು ಅವಳು ಕಟ್ಟಲಿಲ್ಲ, ಅರವತ್ತೊಂದನೇ ವಯಸ್ಸಿನಲ್ಲಿ ಕೊಂಡಳು. ಬಾಡಿಗೆದಾರ ಆ ಮನೆಯ ಜೊತೆಗೇ ಬಂದ.

ಬಂದ ಅಂತ ಬರೆದದ್ದನ್ನು ಅತ್ತೆ ನೋಡಿದರೆ ನನ್ನ ಕಿವಿ ಹಿಂಡುತ್ತಾಳೆ. ಆದ್ದರಿಂದ ಇನ್ನು ಮುಂದೆ ಬಂದರು ಅಂತಲೇ ಬರೆಯುತ್ತೇನೆ. ಮರ್ಯಾದೆ ಅತ್ತೆಯದು, ನನ್ನದಲ್ಲ.

ಅತ್ತೆಯನ್ನು ದರ್ಜಿಗಳ ಬೀದಿಯಲ್ಲಿ ಎಲ್ಲರೂ ಕಾಜಾ ಅತ್ತೆ ಅಂತಲೇ ಕರೆಯುವುದು. ನನಗೆ ಅತ್ತೆಯಾದವಳು ಹಾಗೇ ಇಡೀ ಬೀದಿಗೂ ಅತ್ತೆಯಾದಳು. ಗುಂಡಿ ತೂರಿಸುವ ಕಂಡಿಗೆ ದರ್ಜಿಗಳು ಕಾಜಾ ಅನ್ನುತ್ತಾರಲ್ಲ, ನಲವತ್ತು ವರ್ಷದಿಂದ ಅವಳು ಮಾಡುತ್ತಿರುವುದು ಅದೊಂದೇ ಕೆಲಸ. ದರ್ಜಿಗಳು ಹೊಲಿದ ಬಟ್ಟೆಯನ್ನು ಗಂಟು ಕಟ್ಟಿ ಕಳಿಸುತ್ತಾರೆ. ಇವಳು ಗುರುತು ಹಾಕಿದ ಜಾಗದಲ್ಲಿ ಸಣ್ಣ ಉಳಿಯಿಂದ ಸೀಳುತ್ತಾಳೆ, ಮೇಣ ಸವರಿದ ದಾರ ತೆಗೆದುಕೊಂಡು ಸೀಳಿನ ಅಂಚಿನ ಸುತ್ತ ಒಂದಕ್ಕೊಂದು ತಾಗುವ ಹಾಗೆ ಗಂಟು ಹಾಕುತ್ತಾ ಹೋಗುತ್ತಾಳೆ. ಯಂತ್ರ ಬಂದ ಮೇಲೆ ಅಂಗಿಗಳ ಕೆಲಸ ನಿಂತುಹೋಯಿತು. ಆದರೆ ಕೋಟು ಹೊಲಿಯುವ ನಾಲ್ಕು ಅಂಗಡಿಯವರು ಇಂದಿಗೂ ಇವಳ ಕೈಯನ್ನು ಬಿಟ್ಟಿಲ್ಲ. "ಬಟ್ಟೆಗೆ ತೂತು ಮಾಡೋದು ಇಲಿಗೂ ಬರುತ್ತೆ ಕಣೇ," ಅನ್ನುತ್ತಾಳೆ. "ಆ ತೂತು ಹರೀದೆ ಇರೋ ಹಾಗೆ ಕಟ್ಟೋದಕ್ಕೆ ನನಗೆ ಕೂಲಿ ಕೊಡೋದು."

ಈ ನಲವತ್ತು ವರ್ಷದಲ್ಲಿ ಅವಳು ಎಂಟು ಬಾಡಿಗೆ ಮನೆ ಕಂಡಳು. ಒಂದೊಂದರಲ್ಲೂ ಒಂದು ಕೋಣೆ, ಒಂದು ಕಿಟಕಿ. ಎಂಟೂ ಮನೆಯ ಮಾಲೀಕರು ಬೇರೆ ಬೇರೆ ಜಾತಿಯ ಮನುಷ್ಯರಾದರೂ ಒಂದು ಮಾತಿನಲ್ಲಿ ಅಣ್ಣತಮ್ಮಂದಿರು: ಗೋಡೆಗೆ ಮೊಳೆ ಹೊಡೆಯಕೂಡದು. ಅತ್ತೆ ಹೊಡೆಯಲಿಲ್ಲ. ಕನ್ನಡಿಯನ್ನು ಕಿಟಕಿಯ ಸರಳಿಗೆ ಒರಗಿಸಿ ತಲೆ ಬಾಚಿಕೊಂಡಳು, ಕ್ಯಾಲೆಂಡರನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡು ತಾರೀಖು ನೋಡಿದಳು, ಸೀರೆಯನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. ಮೂರು ಮನೆಯಿಂದ ಬಾಯಿಮಾತಿನಲ್ಲಿ ಎಬ್ಬಿಸಿದರು, ಐದರಿಂದ ನೋಟೀಸು ಕೊಟ್ಟು ಎಬ್ಬಿಸಿದರು. ಆ ಐದೂ ಕಾಗದಗಳನ್ನು ಅವಳು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ದಾರದ ಉಂಡೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದಳು. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, "ಇದನ್ಯಾಕೆ ಇಟ್ಕೊಂಡಿದೀಯ ಅತ್ತೆ, ಹರಿದು ಬಿಸಾಕು." ಅವಳು ಹೇಳಿದಳು, "ನಾನು ಎಲ್ಲೆಲ್ಲಿ ಇದ್ದೆ ಅನ್ನೋದಕ್ಕೆ ಬೇರೆ ಏನಿದೆ ನನ್ನ ಹತ್ರ?"

ಕೊಂಡ ಮನೆ ಚಿಕ್ಕದು. ಕೆಳಗೆ ಎರಡು ಕೋಣೆ, ಮೇಲೆ ಒಂದು. ಕೆಳಗಿನ ಮುಂದಿನ ಕೋಣೆಗೆ ಬೀದಿಯ ಕಡೆ ಎದೆಯೆತ್ತರದ ಅಗಲವಾದ ಕಿಟಕಿ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕಣ್ಣು ಚುಚ್ಚದ ತಂಪು ಬೆಳಕು ಬರುತ್ತದೆ. ಅತ್ತೆ ಆ ಮನೆ ಕೊಂಡದ್ದೇ ಆ ಕಿಟಕಿಗೆ. ಮೇಲಿನ ಕೋಣೆಗೂ ಒಂದು ಕಿಟಕಿಯಿದೆ, ಪಕ್ಕದ ಮನೆಯ ಗೋಡೆ ನೋಡಲಿಕ್ಕೆ. ಅಲ್ಲಿಗೆ ಹತ್ತಲು ಹದಿನೆಂಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಅತ್ತೆಯ ಮಂಡಿಗಳು ನಲವತ್ತು ವರ್ಷ ಚಕ್ಕಳಮಕ್ಕಳ ಹಾಕಿ ಕೂತು ಸವೆದಿದ್ದವು. ಮೆಟ್ಟಿಲು ಹತ್ತಿಳಿದರೆ ಇನ್ನೊಂದು ವರ್ಷಕ್ಕೆ ಕೂರುವುದಕ್ಕೂ ಆಗುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಕೂರಲಾಗದಿದ್ದರೆ ಕಾಜಾ ಇಲ್ಲ, ಕಾಜಾ ಇಲ್ಲದಿದ್ದರೆ ಅತ್ತೆ ಇಲ್ಲ. ವಿಷಯ ಇಷ್ಟೇ.

ಕೆಳಗಿನ ಎರಡು ಕೋಣೆಯಲ್ಲಿ ಆ ಬಾಡಿಗೆದಾರರು, ಊರವರ ಬಾಯಲ್ಲಿ ಅರ್ಜಿಯವರು, ಇದ್ದರು, ಹೆಂಡತಿ ಸಮೇತ. ಕೋರ್ಟಿನ ಎದುರಿಗೆ ತಗಡಿನ ಮಾಡಿನ ಕೆಳಗೆ ಸಾಲಾಗಿ ಮೇಜು ಹಾಕಿಕೊಂಡು ಅರ್ಜಿ, ಕರಾರು, ನೋಟೀಸು ಟೈಪು ಮಾಡಿಕೊಡುವವರು ಕೂರುತ್ತಾರಲ್ಲ, ಅವರಲ್ಲಿ ಏಳನೇ ನಂಬರಿನ ಮೇಜು ಇವರದು. ಮೂವತ್ತು ವರ್ಷದಿಂದ ಅದೇ ಮೇಜು. "ಮೇಜು ನಂಬರ್ ಏಳು ಅಂದ್ರೆ ಜಡ್ಜಿಗೂ ಗೊತ್ತು," ಅನ್ನುವುದು ಅವರ ವಾಡಿಕೆ. ಅವರು ಹೊಡೆದ ಪ್ರತಿ ಕಾಗದದ ಕೆಳಗೂ ನೇರಳೆ ಶಾಯಿಯ ಒಂದು ಮುದ್ರೆ ಬೀಳುತ್ತಿತ್ತು, ಮೇಜಿನ ನಂಬರು ಸಮೇತ. ಹಳೆಯ ಮಾಲೀಕರ ಜೊತೆ ಇದ್ದ ಕರಾರಿನ ಅವಧಿ ಎಂದೋ ಮುಗಿದು, ತಿಂಗಳ ಬಾಡಿಗೆಯ ಮೇಲೆ ಹಾಗೇ ಮುಂದುವರಿದಿದ್ದರು.

ಅತ್ತೆ ಮೇಲಿನ ಕೋಣೆಗೆ ಬಂದಿಳಿದ ದಿನವೇ ಕೆಳಗೆ ಹೋಗಿ, ತನ್ನದೇ ಮನೆಯ ಬಾಗಿಲನ್ನು ತಟ್ಟಿ, ಒಳಗೆ ಬರಬಹುದಾ ಅಂತ ಕೇಳಿ, ಮಂಡಿಯ ವಿಷಯ ಹೇಳಿದಳು. ಅರ್ಜಿಯವರು ಎದ್ದು ನಿಂತು ಕೈಮುಗಿದರು. "ನಿಮ್ಮ ಮನೆ ತಾಯಿ, ನಿಮಗೆ ಬೇಕು ಅಂದಮೇಲೆ ಮುಗೀತು. ಒಂದು ಮಾತು, ನಿಯಮದ ಪ್ರಕಾರ ಒಂದು ನೋಟೀಸು ಕೊಟ್ಟುಬಿಡಿ. ನಾಳೆ ನಿಮಗೂ ತೊಂದರೆ ಬೇಡ, ನನಗೂ ಬೇಡ." ಅತ್ತೆಗೆ ಕಣ್ಣು ತುಂಬಿ ಬಂತಂತೆ. ಇಂಥ ಬಾಡಿಗೆದಾರ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ನನಗೆ ಫೋನು ಮಾಡಿ ಹೇಳಿದಳು. ಆಮೇಲೆ ಅವಳು ಮಾಡಿದ್ದನ್ನು ಕೇಳಿದರೆ ನೀವು ನಗುತ್ತೀರಿ, ನನಗೆ ಇಂದಿಗೂ ನಗು ಬರುವುದಿಲ್ಲ. ನೋಟೀಸು ಬರೆಸಲು ಯಾರ ಹತ್ತಿರ ಹೋಗಲಿ ಅಂತ ಯೋಚಿಸಿ, ಗೊತ್ತಿದ್ದವರು ಒಬ್ಬರೇ ಇದ್ದರು ಅಂತ, ಅವಳು ಮರುದಿನ ನೇರವಾಗಿ ಏಳನೇ ಮೇಜಿಗೆ ಹೋದಳು. ಬಾಡಿಗೆದಾರನ ನೋಟೀಸನ್ನು ಬಾಡಿಗೆದಾರನ ಕೈಲೇ ಬರೆಸಿದಳು. ಕಳ್ಳನ ಕೈಗೆ ಬೀಗದ ಕೈ ಕೊಡುವುದು ಅಂತ ಗಾದೆಯಲ್ಲಿ ಕೇಳಿದ್ದೆ, ಮನೆಯಲ್ಲೇ ನೋಡಿದ್ದು ಅದೇ ಮೊದಲು.

ಅವರು ಬರೆದುಕೊಟ್ಟರು. ಚೆನ್ನಾಗಿಯೇ ಬರೆದುಕೊಟ್ಟರು, 'ಮಾನ್ಯರೇ' ಅಂತ ತಮ್ಮನ್ನೇ ತಾವು ಕರೆದುಕೊಂಡು. ಅತ್ತೆ ಮೂರು ತಿಂಗಳು ಗಡುವು ಕೊಡಿ ಅಂದಿದ್ದಳು, ಒಂದು ತಿಂಗಳು ಸಾಕಾಗಿದ್ದರೂ. ಮೂರು ತಿಂಗಳಾಚೆಗಿನ ಹದಿನೈದನೇ ತಾರೀಖಿನೊಳಗೆ ಖಾಲಿ ಮಾಡತಕ್ಕದ್ದು ಅಂತ ಹೊಡೆದರು. ಕೂಲಿಯನ್ನೂ ತೆಗೆದುಕೊಂಡರು, ಬೇಡ ಅನ್ನಲಿಲ್ಲ. ಮುದ್ರೆ ಮಾತ್ರ ಒತ್ತಲಿಲ್ಲ. ಅತ್ತೆ ಕೇಳಿದ್ದಕ್ಕೆ, "ನನ್ನ ಮೇಲೆ ನನ್ನದೇ ಮುದ್ರೆ ಒತ್ತಿಕೊಳ್ಳೋದು ಚೆನ್ನಾಗಿರುತ್ತಾ ತಾಯಿ?" ಅಂತ ನಕ್ಕರಂತೆ. ಅತ್ತೆಯೂ ನಕ್ಕಳು.

ನಾನು ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಕೌಂಟರಿನಲ್ಲಿ ಕೂರುವವಳು. ಆ ಲಕೋಟೆಗೆ ಠಸ್ಸೆ ಒತ್ತಿದ್ದು ನಾನೇ. ಒತ್ತುವ ಮೊದಲು ಓದಿದ್ದೆ ಕೂಡ. ದಿನಕ್ಕೆ ನೂರು ತಾರೀಖು ಒತ್ತುವ ನನ್ನ ಕಣ್ಣಿಗೂ ಆ ಹದಿನೈದು ಹದಿನೈದಾಗಿಯೇ ಕಂಡಿತು, ಬೇರೇನೂ ಕಾಣಲಿಲ್ಲ. ಅತ್ತೆಯನ್ನು ಬೈಯುವ ಮುಂಚೆ ನನ್ನ ಕೆನ್ನೆಗೆ ನಾನೇ ಎರಡು ಕೊಟ್ಟುಕೊಳ್ಳಬೇಕಿತ್ತು.

ಆ ಮೂರು ತಿಂಗಳು ನೆನೆದರೆ ಈಗಲೂ ಮೈ ಉರಿಯುತ್ತದೆ. ನೀರಿನ ನಲ್ಲಿ ಕೆಳಗೆ, ಅರ್ಜಿಯವರ ಹಿತ್ತಲಲ್ಲಿ. ಮನೆಯೊಡತಿ ಕೊಡ ಹಿಡಿದುಕೊಂಡು ಬಾಡಿಗೆದಾರರ ಹಿತ್ತಲಿನ ಬಾಗಿಲಲ್ಲಿ ಕಾಯಬೇಕು, ಅವರ ಹೆಂಡತಿಯ ಬಟ್ಟೆ ಒಗೆಯುವುದು ಮುಗಿಯುವವರೆಗೆ. ಆಮೇಲೆ ಅರ್ಧ ಕೊಡ ಹೊತ್ತು ಹದಿನೆಂಟು ಮೆಟ್ಟಿಲು. ಒಂದು ಬೆಳಿಗ್ಗೆ ಐದನೇ ಮೆಟ್ಟಿಲಿನಲ್ಲಿ ಮಂಡಿ ಕೈಕೊಟ್ಟು ಕೊಡ ಉರುಳಿತು. ಅರ್ಜಿಯವರು ಹೊರಗೆ ಬಂದು, "ಹುಷಾರು ತಾಯಿ, ಮೆಟ್ಟಿಲು ಒದ್ದೆ ಮಾಡಬೇಡಿ, ನಮ್ಮವಳು ಜಾರಿಬಿಟ್ಟಾಳು," ಅಂದರು. ಅತ್ತೆ ಕೂತಲ್ಲೇ ಸೆರಗಿನಿಂದ ಮೆಟ್ಟಿಲು ಒರೆಸಿದಳು. ಬಾಯಿ ಬೆಲ್ಲ, ಕರುಳು ಕತ್ತರಿ ಅನ್ನುತ್ತಾರಲ್ಲ, ಅದು ಇವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಮೇಲಿನ ಕತ್ತಲ ಕಿಟಕಿಯಲ್ಲಿ ಕಪ್ಪು ಕೋಟಿನ ಕಾಜಾ ಹಾಕುವಾಗ ಅವಳಿಗೆ ಮೊದಲ ಬಾರಿ ಗಂಟು ತಪ್ಪಿತು. ಕೋಟಿನ ದರ್ಜಿ ವಾಪಸು ತಂದು, "ಅತ್ತೆ, ಇದೊಂದು ಸ್ವಲ್ಪ ನೋಡಿ," ಅಂದ. ಅಷ್ಟೇ ಅಂದದ್ದು, ಒಳ್ಳೆಯವನು. ಅವನು ಹೋದ ಮೇಲೆ ಅತ್ತೆ ಆ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಆ ಕಾಜಾದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಅವತ್ತು ನಾನು ಅಲ್ಲೇ ಇದ್ದೆ.

ಹದಿನೈದನೇ ತಾರೀಖು ಬಂತು, ಹೋಯಿತು. ಕೆಳಗೆ ಒಂದು ಚೊಂಬೂ ಅಲುಗಲಿಲ್ಲ. "ಸಾಮಾನು ಕಟ್ಟಕ್ಕೆ ಟೈಮು ಬೇಕಲ್ಲ ಪಾಪ," ಅಂತ ಅತ್ತೆ ಒಂದು ವಾರ ಸುಮ್ಮನಿದ್ದಳು. ಎಂಟನೇ ದಿನ ನಮ್ಮ ಕಚೇರಿಯ ಪೋಸ್ಟ್‌ಮ್ಯಾನ್ ಅರ್ಜಿಯವರ ಬಾಗಿಲು ದಾಟಿಕೊಂಡು, ಹದಿನೆಂಟು ಮೆಟ್ಟಿಲು ಹತ್ತಿ, ಅತ್ತೆಗೆ ಒಂದು ರಿಜಿಸ್ಟರ್ ಲಕೋಟೆ ಕೊಟ್ಟ. ಕೆಳಗಿನ ಮನೆಯಿಂದ ಮೇಲಿನ ಮನೆಗೆ ಬಂದ ಟಪಾಲು. ಊರು ಸುತ್ತಿ ಬಂದಿತ್ತು.

ಒಳಗೆ ಇದ್ದದ್ದು ಇಷ್ಟು: ತಮಗೆ ಕೊಟ್ಟ ನೋಟೀಸು ಊರ್ಜಿತವಲ್ಲ. ತಮ್ಮ ಬಾಡಿಗೆ ತಿಂಗಳು ಒಂದನೇ ತಾರೀಖಿಗೆ ಶುರುವಾಗಿ ಕೊನೆಯ ತಾರೀಖಿಗೆ ಮುಗಿಯುತ್ತದೆ. ನೋಟೀಸಿನ ಗಡುವೂ ತಿಂಗಳ ಕೊನೆಗೇ ಮುಗಿಯಬೇಕು. ನಡು ತಿಂಗಳಿಗೆ ಮುಗಿಯುವ ನೋಟೀಸು ನೋಟೀಸೇ ಅಲ್ಲ. ಆದಕಾರಣ ತಾವು ಎಂದಿನಂತೆ ವಾಸ ಮುಂದುವರಿಸುವುದಾಗಿ ತಿಳಿಯಪಡಿಸಲಾಗಿದೆ. ತಾವೇ ಹೊಡೆದ ಹದಿನೈದು! ತಾವೇ ಕೂಲಿ ತೆಗೆದುಕೊಂಡು ಹೊಡೆದ ಹದಿನೈದು! ಈ ಕಾಗದದ ಕೆಳಗೆ ನೇರಳೆ ಮುದ್ರೆ ಮಾತ್ರ ಸ್ಪಷ್ಟವಾಗಿ, ಒಂದಿಷ್ಟೂ ಓರೆಯಾಗದೆ ಬಿದ್ದಿತ್ತು.

ನಾನು ಕಚೇರಿಯಿಂದ ಅರ್ಧ ದಿನ ರಜೆ ಹಾಕಿ ಬಂದೆ. ಬರುವಾಗ ಪೋಸ್ಟ್‌ಮ್ಯಾನ್ ಇನ್ನೊಂದು ಮಾತು ಹೇಳಿದ್ದ. "ಅಕ್ಕಾ, ಆ ಸಾಹೇಬರಿಗೆ ಸ್ವಂತ ಮನೆ ಇಲ್ಲ ಅಂದ್ಕೊಂಡ್ರಾ? ದೊಡ್ಡ ರಸ್ತೆಯಲ್ಲಿ ಎರಡಂತಸ್ತು ಇದೆಯಲ್ಲ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಅದು ಅವರದೇ. ಊರಿಗೆಲ್ಲ ಗೊತ್ತು." ಊರಿಗೆಲ್ಲ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಕೆಳಗಿನ ಬಾಗಿಲು ತಟ್ಟಿದೆ. ಅರ್ಜಿಯವರು ಬನಿಯನ್ನಿನಲ್ಲಿ ಬಂದು, "ಬನ್ನಿ ಮಗಳೇ," ಅಂದರು.

"ಹದಿನೈದು ಅಂತ ಹೊಡೆದದ್ದು ಯಾರು?" ಅಂದೆ.

"ಬೆರಳು ಜಾರಿರಬೇಕು ಮಗಳೇ. ವಯಸ್ಸಾಯ್ತು ನೋಡಿ. ಆದ್ರೆ ಸಹಿ ಹಾಕೋ ಮುಂಚೆ ನಿಮ್ಮತ್ತೆ ಓದಬೇಕಿತ್ತಲ್ಲ? ಕಾಗದದ ಮೇಲೆ ಬಂದಿದ್ದು ಬಂತು. ಕಾನೂನು ಕಾನೂನೇ, ಅದು ನನ್ನ ಮಾತೂ ಕೇಳಲ್ಲ, ನಿಮ್ಮ ಮಾತೂ ಕೇಳಲ್ಲ."

"ದೊಡ್ಡ ರಸ್ತೆಯ ಮನೆ?"

"ಅದು ಕ್ಲಿನಿಕ್ಕು. ಅಲ್ಲಿ ಸಂಸಾರ ಮಾಡಕ್ಕಾಗುತ್ತಾ?"

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಲಿನಿಂದ ಅತ್ತೆ, "ಸಾಕು ಬಾರೇ," ಅಂತ ಕೂಗಿದ ಮೇಲೆ ಹತ್ತಿ ಹೋದೆ. ಹೋದರೆ ಅವಳು ನೆಲದ ಮೇಲೆ ಬಿಸ್ಕತ್ತಿನ ಡಬ್ಬಿ ತೆರೆದುಕೊಂಡು, ದಾರದ ಉಂಡೆಗಳನ್ನೆಲ್ಲ ಹೊರಗೆ ಸುರಿದು, ಐದು ನೋಟೀಸುಗಳನ್ನು ಸಾಲಾಗಿ ಹರಡಿಕೊಂಡು ಕೂತಿದ್ದಳು.

"ಇಷ್ಟು ನೋಟೀಸು ತಗೊಂಡವಳು ನಾನು," ಅಂದಳು. "ನನ್ನನ್ನ ಎಬ್ಬಿಸಿದವರು ಯಾರೂ ತಪ್ಪು ಮಾಡಿರಲಿಲ್ಲ. ಅವರು ಹೇಗೆ ಬರೆಸಿದ್ರು ಅಂತ ನೋಡೋಣ ಅಂತ ತೆಗೆದೆ." ಆಮೇಲೆ ಮೂರನೆಯದನ್ನು ನನ್ನ ಕೈಗೆ ಕೊಟ್ಟಳು. "ಇದನ್ನ ನೋಡು. ಕೆಳಗೆ ನೋಡು."

ಹತ್ತೊಂಬತ್ತು ವರ್ಷದ ಹಿಂದಿನ ಕಾಗದ, ಮಡಿಕೆಯಲ್ಲಿ ಸವೆದಿತ್ತು. ಆಗಿನ ಮನೆಯ ಮಾಲೀಕ, ಪಾತ್ರೆ ಅಂಗಡಿಯವನು, ಅತ್ತೆಗೆ ಕೊಟ್ಟದ್ದು. ಮೂವತ್ತನೇ ತಾರೀಖಿನೊಳಗೆ, ಅಂದರೆ ತಮ್ಮ ಬಾಡಿಗೆ ತಿಂಗಳು ಮುಗಿಯುವುದರೊಳಗೆ, ಖಾಲಿ ಮಾಡತಕ್ಕದ್ದು ಅಂತ ಸ್ಪಷ್ಟವಾಗಿ ಬರೆದಿತ್ತು. ಕೆಳಗೆ ಮಾಸಿದ ನೇರಳೆ ಮುದ್ರೆ. ಕೋರ್ಟಿನ ಎದುರು, ಮೇಜು ನಂಬರ್ ಏಳು.

ನಾನು ಮೇಲಿಂದ ಕೆಳಕ್ಕೆ ಎರಡು ಸಲ ಓದಿದೆ. ಅತ್ತೆಯನ್ನು ಬೀದಿಗೆ ಹಾಕುವಾಗ ಆ ಬೆರಳು ಜಾರಿರಲಿಲ್ಲ. ಅವಳಿಗೆ ಒಂದು ಕಿಟಕಿ ಬಿಟ್ಟುಕೊಡಬೇಕಾದಾಗ ಜಾರಿತು. "ಈಗಲೇ ಹೋಗಿ ಇದನ್ನ ಅವರ ಮುಖದ ಮೇಲೆ ಎಸೀತೀನಿ," ಅಂದೆ.

"ಹರಿದುಹೋಗುತ್ತೆ ಕಣೇ, ಹಳೇ ಕಾಗದ," ಅಂದಳು ಅತ್ತೆ. "ನಾಳೆ ನಾನೇ ಹೋಗ್ತೀನಿ. ನನಗೊಂದು ನೋಟೀಸು ಬರೆಸಬೇಕು."

ಮರುದಿನ ಹನ್ನೊಂದು ಗಂಟೆಗೆ ನಾವಿಬ್ಬರೂ ಹೋದೆವು. ಏಳನೇ ಮೇಜಿನ ಮುಂದೆ ನಾಲ್ಕೈದು ಜನ ಬೆಂಚಿನ ಮೇಲೆ ಕಾಯುತ್ತಿದ್ದರು. ನಾನು ಮುಂದೆ ನುಗ್ಗಿದರೆ ಅತ್ತೆ ಕೈಹಿಡಿದು ಕೂರಿಸಿದಳು. ಸರದಿ ಬರುವವರೆಗೆ ಮುಕ್ಕಾಲು ಗಂಟೆ ಕಾದಳು. ಅಲ್ಲಿವರೆಗೆ ಅರ್ಜಿಯವರು ಒಂದು ಸಲವೂ ನಮ್ಮ ಕಡೆ ನೋಡಲಿಲ್ಲ, ಯಂತ್ರದ ಸದ್ದು ಮಾತ್ರ ಜೋರಾಯಿತು. ಸರದಿ ಬಂದಾಗ ಅತ್ತೆ ಚೀಲದಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಇಟ್ಟಳು.

"ಇದೇ ಥರ ಒಂದು ಹೊಡೆದುಕೊಡಿ ಸಾರ್."

ಅರ್ಜಿಯವರು ಕನ್ನಡಕ ಸರಿ ಮಾಡಿಕೊಂಡು ಓದಿದರು. ಮುದ್ರೆಯ ಹತ್ತಿರ ಬಂದಾಗ ಅವರ ಕಣ್ಣು ಅಲ್ಲೇ ನಿಂತಿತು. "ಇದು ಹಳೇದು," ಅಂದರು.

"ಹೌದು ಸಾರ್. ಅದರಲ್ಲಿರೋ ಹೆಸರು ನನ್ನದು. ಹೊಡೆದವರು ನೀವು. ಅದರಲ್ಲಿ ಮೂವತ್ತು ಅಂತ ಹೊಡೆದಿದ್ದೀರಿ ನೋಡಿ. ಆವತ್ತು ನಿಮಗೆ ತಿಂಗಳು ಯಾವತ್ತು ಮುಗಿಯುತ್ತೆ ಅಂತ ಗೊತ್ತಿತ್ತು."

"ತಾಯಿ, ಮನೆಗೆ ಹೋಗಿ ಮಾತಾಡೋಣ."

"ಮನೇಲಿ ಮಾತಾಡಕ್ಕೆ ಹದಿನೆಂಟು ಮೆಟ್ಟಿಲಿದೆ ಸಾರ್. ಇಲ್ಲೇ ಆಗಲಿ." ಅತ್ತೆಯ ದನಿ ಏರಲಿಲ್ಲ. ಬಟ್ಟೆಯ ಮೇಲೆ ಗುರುತು ತೋರಿಸುವ ಹಾಗೆ ಬೆರಳಿಟ್ಟು ಒಂದೊಂದೇ ತೋರಿಸಿದಳು. "ಇಲ್ಲಿ ಪಾತ್ರೆ ಅಂಗಡಿಯವರ ಹೆಸರಿದೆ, ಅಲ್ಲಿ ನನ್ನದು ಹಾಕಿ. ನನ್ನ ಹೆಸರಿರೋ ಕಡೆ ನಿಮ್ಮದು ಹಾಕಿ. ಮನೆ ವಿಳಾಸ ನಿಮಗೆ ಗೊತ್ತು. ತಾರೀಖು ಮುಂದಿನ ತಿಂಗಳ ಕೊನೇದು. ಆಮೇಲೆ ಮುದ್ರೆ ಒತ್ತಿ. ಈ ಸಲ ಒತ್ತಿ ಸಾರ್. ಕೂಲಿ ತಂದಿದ್ದೀನಿ."

ಬೆಂಚಿನ ಮೇಲಿದ್ದವರು ಆಗಲೇ ಎದ್ದು ಬಂದು ಅತ್ತೆಯ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಏನಮ್ಮಾ ಸಮಾಚಾರ?" ಅಂತ ಒಬ್ಬರು ಕೇಳಿದರು. ಅತ್ತೆ ಬಾಯಿ ತೆರೆಯುವ ಮೊದಲು ನಾನು ಹೇಳಿದೆ, ಎಂಟನೇ ಮೇಜಿಗೂ ಆರನೇ ಮೇಜಿಗೂ ಕೇಳುವ ಹಾಗೆ, ಒಂದಕ್ಷರ ಬಿಡದೆ. ಎರಡೂ ಕಡೆಯ ಯಂತ್ರಗಳು ನಿಂತವು. ಅಷ್ಟರಲ್ಲಿ ಬೆಂಚಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು ತನ್ನ ಕೈಲಿದ್ದ, ಆಗ ತಾನೇ ಹೊಡೆಸಿಕೊಂಡಿದ್ದ ಕಾಗದವನ್ನು ಬಿಡಿಸಿದಳು. ಅದನ್ನು ಮೇಜಿನ ಮೇಲೆ ಚಾಚಿ ಬಹಳ ಮೆತ್ತಗೆ ಕೇಳಿದಳು, "ಸಾರ್, ನನ್ನದರಲ್ಲಿ ತಾರೀಖು ಸರಿ ಇದೆಯಾ?"

ನನ್ನ ಕೂಗಾಟಕ್ಕೆ ಅಲುಗದ ಮನುಷ್ಯ ಆ ಪ್ರಶ್ನೆಗೆ ಬೆವರಿದರು. ಯಂತ್ರಕ್ಕೆ ಕಾಗದ ಸಿಕ್ಕಿಸುವಾಗ ಎರಡು ಸಲ ಓರೆಯಾಯಿತು. ತಮ್ಮ ಹೆಸರನ್ನು ತಾವೇ ಹೊಡೆದರು, ಕೊನೆಯ ತಾರೀಖನ್ನು ಹೊಡೆದರು, ಮುದ್ರೆಯನ್ನು ಶಾಯಿಯ ಮೇಲೆ ಅದ್ದಿ ಒತ್ತಿದರು. ಅತ್ತೆ ಪೂರ್ತಿ ಓದಿದಳು, ಬೆರಳಿಟ್ಟುಕೊಂಡು, ಗಟ್ಟಿಯಾಗಿ. ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಸಹಿ ಹಾಕಿ, ಕೂಲಿಯನ್ನು ಮೇಜಿನ ಮೇಲಿಟ್ಟಳು. ಅರ್ಜಿಯವರು ಅದನ್ನು ತಿರುಗಿ ತಳ್ಳಿದರು. ಅತ್ತೆ ಮತ್ತೆ ಅವರ ಕಡೆ ಸರಿಸಿದಳು.

"ಕೆಲಸಕ್ಕೆ ಕೂಲಿ ಸಾರ್. ನಾನೂ ಕೂಲಿಯವಳೇ," ಅಂದಳು. ಏಳುವಾಗ ಮೇಜಿನ ಅಂಚು ಹಿಡಿದುಕೊಂಡು, "ಅವತ್ತು ನೀವು ಮೂವತ್ತು ಅಂದಿದ್ರಿ, ನಾನು ಇಪ್ಪತ್ತೊಂಬತ್ತಕ್ಕೇ ಹೋದೆ. ಗುಡಿಸಿ, ಸಾರಿಸಿ ಹೋದೆ. ಮಳೆ ಬರ್ತಿತ್ತು," ಅಂದಳು.

ಆ ಲಕೋಟೆಗೂ ನಾನೇ ಠಸ್ಸೆ ಒತ್ತಿದೆ. ಎಷ್ಟು ಜೋರಾಗಿ ಅಂದರೆ ಪಕ್ಕದ ಕೌಂಟರಿನವಳು ಬೆಚ್ಚಿಬಿದ್ದಳು.

ಮುಂದಿನ ತಿಂಗಳ ಕೊನೆಯ ದಿನ ಮಧ್ಯಾಹ್ನ ಅರ್ಜಿಯವರು ಹೋದರು. ಕೋರ್ಟಿನ ಎದುರು ಮಾತು ಹಬ್ಬಿತ್ತು, ಏಳನೇ ಮೇಜಿನ ಬೆಂಚು ಖಾಲಿಯಾಗತೊಡಗಿತ್ತು, ಅದಕ್ಕೇ ಹೋದರು. ನಾಚಿಕೆಯಿಂದ ಹೋದರು ಅಂತ ಅತ್ತೆ ಹೇಳುತ್ತಾಳೆ. ಹೇಳಲಿ. ಕಸ ಗುಡಿಸದೆ ಹೋದರು. ಒಳಗೆ ಕಾಲಿಟ್ಟರೆ ಮುಂದಿನ ಕೋಣೆಯ ಗೋಡೆಯ ತುಂಬ ತೂತು. ನಾನು ಎಣಿಸಿದೆ, ಮೂವತ್ತೊಂದು ಮೊಳೆಯ ತೂತು. ಕ್ಯಾಲೆಂಡರಿಗೆ, ಕನ್ನಡಿಗೆ, ಅಂಗಿಗೆ, ಕೊಡೆಗೆ, ಕಂಡ ಕಂಡಲ್ಲಿ ಹೊಡೆದು, ಹೋಗುವಾಗ ಮೊಳೆಗಳನ್ನೂ ಕಿತ್ತುಕೊಂಡು ಹೋಗಿದ್ದರು. ನಲವತ್ತು ವರ್ಷ ಒಂದು ಮೊಳೆಗೆ ಅಪ್ಪಣೆ ಸಿಗದವಳ ಮನೆಯ ಗೋಡೆ ಅದು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಅತ್ತೆ ತೂತು ಎಣಿಸಲಿಲ್ಲ. ಕಸಪೊರಕೆ ತಂದು ತಾನೇ ಗುಡಿಸಿದಳು. ಕಿಟಕಿಯ ಕೆಳಗೆ ಚಾಪೆ ಹಾಕಿ, ಕೂತು, ಕೈಯನ್ನು ಬೆಳಕಿಗೆ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಎದ್ದು ಗೋಡೆಯ ಹತ್ತಿರ ನಿಂತಳು.

"ಒಂದು ಮೊಳೆ ತಗೊಂಡು ಬಾ. ಸುತ್ತಿಗೆನೂ."

"ಇಷ್ಟೊಂದು ತೂತು ಇದೆಯಲ್ಲ ಅತ್ತೆ, ಯಾವುದಕ್ಕಾದರೂ ಸಿಕ್ಕಿಸಿದ್ರಾಯ್ತು."

"ಅವೆಲ್ಲ ಅವರವು," ಅಂದಳು.

ತಂದುಕೊಟ್ಟೆ. ಮೊಳೆಯನ್ನು ಗೋಡೆಗಿಟ್ಟು, ಸುತ್ತಿಗೆ ಎತ್ತಿ, ಅವಳು ಒಮ್ಮೆ ತಿರುಗಿ ಬಾಗಿಲ ಕಡೆ ನೋಡಿದಳು, ಯಾರಾದರೂ ಬಂದು ಬೇಡ ಅನ್ನುತ್ತಾರೇನೋ ಎಂಬಂತೆ. ಯಾರೂ ಬರಲಿಲ್ಲ. ಮೊದಲ ಏಟು ಹೆಬ್ಬೆರಳಿಗೆ ಬಿತ್ತು, ಎರಡನೆಯದಕ್ಕೆ ಮೊಳೆ ಸೊಟ್ಟಗಾಯಿತು. ಮೂರನೆಯದಕ್ಕೆ ಒಳಗೆ ಹೋಯಿತು. ಅದಕ್ಕೆ ಏನನ್ನು ತೂಗುಹಾಕಬೇಕು ಅಂತ ಅವಳಿಗಿನ್ನೂ ಗೊತ್ತಾಗಿಲ್ಲ.